ಗಣರಾಜ್ಯೋತ್ಸವದ ಫ್ಲೈಪಾಸ್ಟ್‌ನಲ್ಲಿ ಅಂಥ ಕೌಶಲ ಏನಿದೆ?

ಗಣರಾಜ್ಯೋತ್ಸವದ ಪೆರೇಡ್ ನಡೆಯುವ ದೆಹಲಿಯ ಕರ್ತವ್ಯ ಪಥದ ಮೇಲೆ ವಿಮಾನಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಗುತ್ತವೆ, ನೆಟ್ಟಗೆ ಹಾರುವುದರಲ್ಲಿ ಏನು ಕೌಶಲ, ಅದಕ್ಕಾಗಿ ಇಷ್ಟು ಇಂಧನ ಸುಡಬೇಕೇ ಎಂದು ಕೇಳಿದ್ದೀರಿ. ವರ್ಷವರ್ಷವೂ ಇದಕ್ಕಾಗಿಯೇ ಕಾದು ಕೂರುವವನಾಗಿ ಹೇಳುತ್ತೇನೆ: ಹೊತ್ತಿಗೆ ಸರಿಯಾಗಿ ಬಂದು ಮುಟ್ಟುವುದೇ ಇಲ್ಲಿನ ಕೌಶಲ.

ವಿಮಾನಗಳೆಲ್ಲ ಒಂದೇ ಕಡೆಯಿಂದ ಏಳುವುದಿಲ್ಲ. ಹಿಂಡನ್, ಆಗ್ರಾ, ಅಂಬಾಲ ಎಂದು ಬೇರೆ ಬೇರೆ ವಾಯುನೆಲೆಗಳಿಂದ ಬರುತ್ತವೆ. ವೇಗವೂ ಒಂದೇ ಅಲ್ಲ. ಹೆಲಿಕಾಪ್ಟರ್‌ಗಳು ನಿಧಾನವಾಗಿ ಸಾಗಿದರೆ, ರಫೇಲ್ ಯುದ್ಧವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಬಂದದ್ದುಂಟು. ಅಂದರೆ ಸೆಕೆಂಡಿಗೆ 250 ಮೀಟರ್. ನಾಲ್ಕು ಸೆಕೆಂಡು ತಡವಾದರೆ ಒಂದು ಕಿಲೋಮೀಟರ್ ಹಿಂದೆ ಬಿದ್ದಂತೆ. ಹಾಗಾಗಿ ಪ್ರತಿ ತಂಡಕ್ಕೂ ವೇದಿಕೆಯ ಮೇಲೆ ಹಾದುಹೋಗುವ ಗಳಿಗೆ ಮೊದಲೇ ಗೊತ್ತಾಗಿರುತ್ತದೆ. ದೂರದಲ್ಲಿ ಸುತ್ತು ಹಾಕುತ್ತ ಕಾದು, ಗಾಳಿಯ ಲೆಕ್ಕ ಹಿಡಿದು, ಅಲ್ಲಿಂದ ಹೊರಡುತ್ತಾರೆ. ಕೆಳಗೆ ಪೆರೇಡ್ ಸ್ವಲ್ಪ ತಡವಾದರೂ ಮೇಲಿನ ಲೆಕ್ಕ ಬದಲಾಗಬೇಕು. ಯುದ್ಧವಿಮಾನಕ್ಕೆ ನಿಂತು ಕಾಯುವ ಸೌಕರ್ಯವಿಲ್ಲವಲ್ಲ.

ಇನ್ನು ಜೊತೆಗೂಡಿ ಹಾರುವ ಮಾತು. 2022ರಲ್ಲಿ 17 ಜಾಗ್ವಾರ್ ಯುದ್ಧವಿಮಾನಗಳು ಆಕಾಶದಲ್ಲಿ 75 ಎಂಬ ಅಂಕಿ ಬರೆದವು. ಹಾಗೆ ಹಾರುವಾಗ ಪಕ್ಕದ ವಿಮಾನದ ಪೈಲಟ್ ಎದುರಿನ ದಾರಿ ನೋಡುತ್ತ ಕೂರುವಂತಿಲ್ಲ. ಅವನ ಕಣ್ಣು ಮುಂದಾಳುವಿನ ವಿಮಾನದ ಮೇಲೆಯೇ ನೆಟ್ಟಿರಬೇಕು. ಅದರ ರೆಕ್ಕೆಯ ಗುರುತೊಂದು ಎಲ್ಲಿ ಕಾಣಬೇಕೋ ಅಲ್ಲೇ ಕಾಣುವಂತೆ ಬೆರಳ ತುದಿಯಲ್ಲಿ ತಿದ್ದುತ್ತಲೇ ಇರಬೇಕು. ಮುಂದಾಳು ಒಂದಿಷ್ಟು ತಪ್ಪಿದರೆ ಹಿಂದಿನವರಿಗೆ ಹೋಗುತ್ತ ಹೋಗುತ್ತ ಆ ತಪ್ಪು ದೊಡ್ಡದಾಗುತ್ತದೆ.

ಆದರೆ ಅದೇ ವರ್ಷ ನನ್ನ ಮನಸ್ಸು ಕದ್ದದ್ದು ಎರಡು ಡಾರ್ನಿಯರ್ ವಿಮಾನಗಳ ನಡುವೆ ಬಂದ ಹಳೆಯ ಸಾರಿಗೆ ವಿಮಾನ ಡಕೋಟಾ. ಆ ತಂಡಕ್ಕೆ ಟಂಗೈಲ್ ಎಂದು ಹೆಸರಿಟ್ಟಿದ್ದರು. 1971ರ ಡಿಸೆಂಬರ್ 11ರಂದು ನಮ್ಮ ಪ್ಯಾರಾಚೂಟ್ ಸೈನಿಕರು ಡಕೋಟಾ ಮುಂತಾದ ವಿಮಾನಗಳಿಂದ ಬಾಂಗ್ಲಾದೇಶದ ಟಂಗೈಲ್ ಬಳಿ ಧುಮುಕಿ, ಢಾಕಾದತ್ತ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ಪಡೆಗಳ ದಾರಿ ಕಟ್ಟಲು ಹೊರಟಿದ್ದರು. ಐದು ದಿನಗಳಲ್ಲಿ ಢಾಕಾ ಶರಣಾಯಿತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಮೊದಲ ಸೈನಿಕರನ್ನು ಹೊತ್ತೊಯ್ದದ್ದೂ ಡಕೋಟಾಗಳೇ. ಈಗ ಹಾರುವ ಡಕೋಟಾ ಒಂದು ಕಾಲಕ್ಕೆ ಗುಜರಿ ಪಾಲಾಗಿದ್ದದ್ದು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಒಪ್ಪಿಸಿದರು. ಅವರ ತಂದೆ ಡಕೋಟಾ ಹಾರಿಸಿದ ವಾಯುಪಡೆಯ ಅಧಿಕಾರಿ. ಇಂಥ ವಿಮಾನ ತಲೆಯ ಮೇಲೆ ಹಾದುಹೋದಾಗ ಇತಿಹಾಸಕ್ಕೆ ಸದ್ದು ಬರುತ್ತದೆ. ಪಠ್ಯಪುಸ್ತಕ ಓದುವಾಗ ನನಗೆ ಹಾಗೆ ಅನಿಸಿದ್ದಿಲ್ಲ.

ಇನ್ನು ಹೀಗೆ ಹಾರುವ ವಿಮಾನಗಳಿಗೆ ದೊಡ್ಡ ಅಪಾಯ ಡಿಕ್ಕಿ ಹೊಡೆಯಬಹುದಾದ ಹದ್ದುಗಳದು. ಅದಕ್ಕೇ ಜನವರಿಯಲ್ಲಿ ದೆಹಲಿಯ ಅರಣ್ಯ ಇಲಾಖೆಯವರು ನಗರದ ಕೆಲವು ಜಾಗಗಳಲ್ಲಿ ಮಾಂಸದ ತುಂಡುಗಳನ್ನು ಎಸೆದು ಅವುಗಳನ್ನು ವಿಮಾನಗಳ ದಾರಿಯಿಂದ ಅತ್ತ ಸೆಳೆಯುತ್ತಾರೆ. ನನಗೆ ಮೆಚ್ಚುಗೆಯಾದ ಏರ್ಪಾಡು ಇದು. ಹಕ್ಕಿಗೂ ಪೈಲಟ್‌ಗೂ ಕ್ಷೇಮ.

ಖರ್ಚಿನ ಪ್ರಶ್ನೆ ನ್ಯಾಯವಾದದ್ದೇ. 2022ರಲ್ಲಿ ಹಾರಿದಂತೆ ಎಪ್ಪತ್ತೈದು ವಿಮಾನಗಳು ಪ್ರತಿ ವರ್ಷ ಬೇಕಿಲ್ಲ, ಅದರ ಅರ್ಧವಾದರೂ ಸಾಕು ಎಂದು ನಾನೂ ಹೇಳುತ್ತೇನೆ. ಪೂರ್ತಿ ನಿಲ್ಲಿಸುವುದಕ್ಕೆ ಮಾತ್ರ ಒಪ್ಪಲಾರೆ. ಹೊತ್ತಿಗೆ ಸರಿಯಾಗಿ ಗುರಿ ತಲುಪುವುದು ಯುದ್ಧದಲ್ಲೂ ಬೇಕಾದ ವಿದ್ಯೆ, ಅದರ ಅಭ್ಯಾಸ ವ್ಯರ್ಥವಲ್ಲ. ಜೊತೆಗೆ ಬೆಂಗಳೂರಿನ ಎಚ್‌ಎಎಲ್‌ ಕಾರ್ಖಾನೆಯಲ್ಲಿ ತಯಾರಾದ ತೇಜಸ್ ಯುದ್ಧವಿಮಾನಗಳು 2017ರಲ್ಲಿ ಮೊದಲ ಬಾರಿಗೆ ಈ ಫ್ಲೈಪಾಸ್ಟ್‌ನಲ್ಲಿ ಹಾರಿದವು. ಅವನ್ನು ಕಟ್ಟಿದ ಕಾರ್ಮಿಕರ ಮನೆಮಂದಿ ಟಿವಿ ಮುಂದೆ ಕೂತು ನೋಡುವ ಸಂತೋಷಕ್ಕೂ ಬೆಲೆಯಿದೆ.

ಸಾಧ್ಯವಾದರೆ ಒಮ್ಮೆ ದೆಹಲಿಗೆ ಹೋಗಿ ನೋಡಿ. ಗಣರಾಜ್ಯೋತ್ಸವಕ್ಕೆ ಕೆಲವು ದಿನ ಮುಂಚೆ ಪೂರ್ಣ ತಾಲೀಮೂ ನಡೆಯುತ್ತದೆ. ಸದ್ದು ಕೇಳಿದ ಕಡೆ ತಿರುಗಬೇಡಿ. ಅಲ್ಲಿ ವಿಮಾನ ಇರುವುದಿಲ್ಲ, ಅದಾಗಲೇ ಮುಂದೆ ಸಾಗಿರುತ್ತದೆ. ಬರುವ ದಿಕ್ಕಿಗೆ ಮೊದಲೇ ಮುಖ ಮಾಡಿ ನಿಲ್ಲಿ.