ಒಂದೇ ರಾತ್ರಿಯ ಸೈಕಲ್ ಕ್ಯಾಂಪಿಂಗ್‌ಗೆ ಏನು ಒಯ್ಯಬೇಕು, ಏನು ಬಿಡಬೇಕು?

ನೀವು ಕೇಳಿದ್ದು ಇಷ್ಟು: ಸಂಜೆ ಸೈಕಲ್‌ನಲ್ಲಿ ಹೊರಟು, ರಾತ್ರಿ ಟೆಂಟ್‌ನಲ್ಲಿ ಮಲಗಿ, ಬೆಳಿಗ್ಗೆ ವಾಪಸ್ ಬರುತ್ತೀರಿ. ಅಷ್ಟಕ್ಕೇ ಕ್ಯಾರಿಯರ್‌ನ ಎರಡೂ ಬ್ಯಾಗ್ ತುಂಬಿ 15 ಕೆ.ಜಿ. ಆಗುತ್ತಿದೆ. ಏರಿನಲ್ಲಿ ಇಳಿದು ತಳ್ಳಬೇಕಾಗುತ್ತಿದೆ. ಹೊಸ ಸಾಮಾನು ಕೊಳ್ಳದೆ ಈ ಭಾರ ಅರ್ಧಕ್ಕೆ ಇಳಿಯುತ್ತದಾ?

ಇಳಿಯುತ್ತದೆ. ನನ್ನ ಮೊದಲ ಟ್ರಿಪ್‌ನಲ್ಲಿ ಸಾಮಾನು 14 ಕೆ.ಜಿ. ಇತ್ತು. ಈಗ ನೀರು, ಊಟ ಬಿಟ್ಟರೆ 5 ಕೆ.ಜಿ. ಆಸುಪಾಸು. ಹಗುರದ ಹೊಸ ಸಾಮಾನು ಕೊಂಡು ಇಳಿಸಿದ್ದು ಅದರಲ್ಲಿ ಒಂದು ಕೆ.ಜಿ.ಯೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ಮನೆಯಲ್ಲೇ ಬಿಟ್ಟು ಹೊರಟಿದ್ದರಿಂದ ಇಳಿದದ್ದು.

ರಿವೆಂಡೆಲ್ ಎಂಬ ಅಮೆರಿಕದ ಸೈಕಲ್ ಕಂಪನಿಯ ಗ್ರಾಂಟ್ ಪೀಟರ್ಸನ್ ಇಂಥ ಟ್ರಿಪ್‌ಗೆ ‘ಸಬ್-24-ಅವರ್ ಓವರ್‌ನೈಟ್’ ಎಂದು ಹೆಸರಿಟ್ಟರು. 24 ಗಂಟೆಯೊಳಗೆ ಹೋಗಿ ಬರುವುದು ಅಂತ ಅರ್ಥ. ಪ್ಯಾಕ್ ಮಾಡುವಾಗ ಈ 24 ಎಂಬ ಅಂಕಿಯನ್ನು ಮರೆಯಬೇಡಿ. ಒಂದು ರಾತ್ರಿಯೂಟ, ಒಂದು ನಿದ್ದೆ, ಒಂದು ತಿಂಡಿ, ಅಷ್ಟೇ. ಹತ್ತು ದಿನ ತಿರುಗುವವರಿಗೆ ಮುಂದಿನ ವಾರದ ಹವೆ ಹೇಗಿರುತ್ತದೋ ಗೊತ್ತಿರುವುದಿಲ್ಲ. ಅವರು ಚಳಿ, ಮಳೆ, ಬಿಸಿಲು ಮೂರಕ್ಕೂ ತಯಾರಿ ಮಾಡಲೇಬೇಕು. ನಿಮಗೆ ನಾಳೆಯ ಮುನ್ಸೂಚನೆ ಸಾಕು. ಅದು ಬಹುಪಾಲು ನಂಬುವ ಹಾಗೇ ಇರುತ್ತದೆ. ಜೋರು ಮಳೆ ಬರುತ್ತದೆ ಅಂತ ಇದ್ದರೆ ಮುಂದಿನ ವಾರ ಹೋಗಿ. ಹೀಗೆ ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯದಿಂದಲೇ ಎಷ್ಟೋ ಭಾರ ಇಳಿಯುತ್ತದೆ.

ಭಾರ ಇಳಿದರೆ ನಿಜವಾಗಿ ಏನು ಸಿಗುತ್ತದೆ? ಸಮತಟ್ಟು ರಸ್ತೆಯಲ್ಲಿ ಅಷ್ಟೇನೂ ಇಲ್ಲ, ಅಲ್ಲಿ ಎದುರಿಸಬೇಕಾದದ್ದು ಗಾಳಿಯನ್ನು. ಏರಿನಲ್ಲಿ ಲೆಕ್ಕ ಬೇರೆ. ನೀವು 70 ಕೆ.ಜಿ., ಸೈಕಲ್ 15, ಸಾಮಾನು 15 ಅಂದರೆ ಒಟ್ಟು 100. ಸಾಮಾನು 6ಕ್ಕೆ ಇಳಿದರೆ 91. ಅದೇ ದಮ್ಮಿನಲ್ಲಿ ತುಳಿದರೆ ಒಂದು ಗಂಟೆಯ ಕಡಿದಾದ ಏರು ಸುಮಾರು 55 ನಿಮಿಷಕ್ಕೆ ಮುಗಿಯುತ್ತದೆ. ಐದೇ ನಿಮಿಷಾನಾ ಅನ್ನಿಸಬಹುದು. ಆದರೆ ಹಿಂದೆ 15 ಕೆ.ಜಿ. ಇದ್ದಾಗ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ, ಎದ್ದು ನಿಂತು ತುಳಿದರೆ ಸೈಕಲ್ ಓಲಾಡುತ್ತದೆ. ನೀವು ಇಳಿದು ತಳ್ಳುತ್ತಿರುವುದಕ್ಕೆ ಇದೂ ಕಾರಣ ಇರಬಹುದು.

ಈಗ ನಿದ್ದೆಯ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ನಾನು ತಪ್ಪು ಮಾಡಿದ್ದು ಇಲ್ಲೇ. ಎರಡನೇ ಟ್ರಿಪ್‌ಗೆ ಭಾರ ಇಳಿಸುವ ಹುಮ್ಮಸ್ಸಿನಲ್ಲಿ ಮ್ಯಾಟ್ ಬಿಟ್ಟು ಹೋದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಅಂದುಕೊಂಡೆ. ಮಧ್ಯರಾತ್ರಿಯ ಹೊತ್ತಿಗೆ ಬೆನ್ನು ಮರಗಟ್ಟಿತ್ತು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿಯಿಂದ. ಮೈ ಕೆಳಗಿನ ಭಾಗ ನಮ್ಮ ಭಾರಕ್ಕೆ ಚಪ್ಪಟೆಯಾಗುತ್ತದೆ, ಗಾಳಿ ಉಳಿಯುವುದಿಲ್ಲ, ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ವಾಹನಗಳ ನಡುವೆ ತೂಕಡಿಸುತ್ತಾ ಸೈಕಲ್ ಹೊಡೆದದ್ದು ನೆನೆದರೆ ಈಗಲೂ ಭಯವಾಗುತ್ತದೆ. ಆದ್ದರಿಂದ ಏನು ಬೇಕಾದರೂ ಕಡಿಮೆ ಮಾಡಿ, ನಿದ್ದೆಗೆ ಬೇಕಾದದ್ದನ್ನು ಮಾತ್ರ ಬಿಡಬೇಡಿ.

ಮ್ಯಾಟ್ ಎಷ್ಟು ಚಳಿ ತಡೆಯುತ್ತದೆ ಎಂಬುದನ್ನು ‘ಆರ್-ವ್ಯಾಲ್ಯೂ’ ಅಂತ ಅದರ ಮೇಲೇ ಬರೆದಿರುತ್ತಾರೆ. ಬೆಚ್ಚಗಿನ ರಾತ್ರಿಗೆ 2ರ ಆಸುಪಾಸು ಸಾಕು. ಹಿಮ ಬೀಳುವಷ್ಟು ಚಳಿಗೆ 4 ದಾಟಿರಲಿ. ಮಡಚುವ ಫೋಮ್ ಮ್ಯಾಟ್ ಸುಮಾರು 400 ಗ್ರಾಂ ಇರುತ್ತದೆ, ಜಾಗ ಜಾಸ್ತಿ ತಿನ್ನುತ್ತದೆ, ಆದರೆ ಮುಳ್ಳು ಚುಚ್ಚಿದರೂ ಏನೂ ಆಗುವುದಿಲ್ಲ. ಸ್ಲೀಪಿಂಗ್ ಬ್ಯಾಗ್ ಮೇಲೆ ‘ಕಂಫರ್ಟ್’ ಮತ್ತು ‘ಲಿಮಿಟ್’ ಎಂದು ಎರಡು ಉಷ್ಣತೆ ಇದ್ದರೆ ಕಂಫರ್ಟ್ ಅಂಕಿಯನ್ನೇ ನಂಬಿ. ಲಿಮಿಟ್ ಅಂದರೆ ಮುದುರಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. ಬೇಸಿಗೆಯಲ್ಲಿ ನಾನು ಸ್ಲೀಪಿಂಗ್ ಬ್ಯಾಗೇ ಒಯ್ಯುವುದಿಲ್ಲ. ತೆಳು ಹೊದಿಕೆ, ಮೈ ಮೇಲೆ ಜಾಕೆಟ್, ಅಷ್ಟೇ. ಹಕ್ಕಿಪುಕ್ಕ ತುಂಬಿದ ಬ್ಯಾಗ್ ಹಗುರ, ಚಿಕ್ಕದಾಗಿ ಅಡಗುತ್ತದೆ, ಆದರೆ ಒದ್ದೆಯಾದರೆ ಕೆಲಸಕ್ಕೆ ಬರುವುದಿಲ್ಲ. ಯಾವುದೇ ಇರಲಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ತಿರುಚಿ ಕಟ್ಟಿ. ದಿಂಬು ಬೇಡ, ಬಟ್ಟೆ ಚೀಲವೇ ದಿಂಬು.

ಟೆಂಟ್ ಇಬ್ಬರದ್ದಾದರೆ ಅದೊಂದೇ ಎರಡು, ಎರಡೂವರೆ ಕೆ.ಜಿ. ಇರಬಹುದು. ಜೊತೆಗಾರರಿದ್ದರೆ ಹಂಚಿಕೊಳ್ಳಿ. ಒಬ್ಬರೇ ಆದರೆ, ಮಳೆ ಇಲ್ಲ ಅಂತ ಖಾತ್ರಿಯಿದ್ದ ದಿನ ಒಳಗಿನ ಜಾಲರಿ ಭಾಗ ಮತ್ತು ಕಂಬಿ ಮಾತ್ರ ಸಾಕು. ಅದು ತಾನಾಗಿ ನಿಲ್ಲುವ ಟೆಂಟ್ ಹೌದೋ ಅಂತ ಮನೆಯಲ್ಲೇ ನಿಲ್ಲಿಸಿ ನೋಡಿ. ಸೊಳ್ಳೆ ಇಲ್ಲದ ಕಡೆ ಒಂದು ತೆಳು ಟಾರ್ಪಾಲು, ಹಗ್ಗ, ಐದಾರು ಗೂಟ ಇದ್ದರೆ ಆಯಿತು. ಟಾರ್ಪಾಲಿನ ಒಂದು ತುದಿಗೆ ಸೈಕಲ್ಲೇ ಕಂಬವಾಗುತ್ತದೆ.

ತೂಕವೇ ಇಲ್ಲದ ಬೆಚ್ಚನೆಯೊಂದಿದೆ, ಅದು ಮಲಗುವ ಜಾಗ. ತಣ್ಣನೆ ಗಾಳಿ ರಾತ್ರಿ ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ನೀರಿನ ದಡದಲ್ಲಿ ಇಬ್ಬನಿಯೂ ಜಾಸ್ತಿ. ಅಲ್ಲಿಂದ ಸ್ವಲ್ಪ ಮೇಲೆ ಬಂದು, ಎಲೆ ದಟ್ಟವಾಗಿರುವ ಮರದಡಿ ಮಲಗಿದರೆ ಬೆಳಿಗ್ಗೆ ಹೊದಿಕೆ ಒಣಗಿಯೇ ಇರುತ್ತದೆ. ಒಣಗಿದ ಕೊಂಬೆ ಮೇಲೆ ತೂಗಾಡುತ್ತಿಲ್ಲ ಅಂತ ಮಾತ್ರ ನೋಡಿಕೊಳ್ಳಿ.

ಊಟದಲ್ಲಿ ದೊಡ್ಡ ಉಳಿತಾಯ ಇದೆ. ಸ್ಟೌವ್, ಗ್ಯಾಸ್ ಡಬ್ಬಿ, ಪಾತ್ರೆ, ಲೋಟ, ಚಮಚ ಎಲ್ಲ ಸೇರಿದರೆ ಸುಲಭವಾಗಿ ಒಂದು ಕೆ.ಜಿ. ಹತ್ತಿರ ಬರುತ್ತದೆ. ಒಂದೇ ರಾತ್ರಿಗೆ ಅಡುಗೆ ಯಾಕೆ? ದಾರಿಯಲ್ಲೇ ಹೊಟ್ಟೆ ತುಂಬ ಉಂಡು ಹೋಗಿ, ಇಲ್ಲವೇ ಬುತ್ತಿ ಕಟ್ಟಿಕೊಳ್ಳಿ. ಬೆಳಿಗ್ಗೆಗೆ ಹಣ್ಣು, ಬ್ರೆಡ್, ಒಂದು ಹಿಡಿ ಬೀಜಗಳು ಸಾಕು. ಚಳಿ ದಿನಗಳಲ್ಲಿ ನಾನು ಪುಟ್ಟ ಸ್ಟೌವ್ ಒಯ್ಯುತ್ತೇನೆ. ಮಂಜಿನಲ್ಲಿ ಕೂತು ಕುಡಿಯುವ ಒಂದು ಲೋಟ ಬಿಸಿ ನೀರು ಕೊಡುವ ಸುಖಕ್ಕೆ ಆ ಭಾರ ಸಮ. ಹುಲ್ಲು ಒಣಗಿರುವ ಕಾಲದಲ್ಲಿ ಮಾತ್ರ ಯಾವ ಬೆಂಕಿಯೂ ಬೇಡ.

ನೀರಿನ ಮಾತು ಬೇರೆ. ಒಂದು ಲೀಟರ್ ಅಂದರೆ ಒಂದು ಕೆ.ಜಿ., ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಮನೆಯಿಂದಲೇ ಎಲ್ಲ ಹೊರಬೇಕಿಲ್ಲ. ಖಾಲಿಯಾದಾಗ ಮಡಚಿಡುವ ಬಾಟಲಿ ಇಟ್ಟುಕೊಂಡು, ಮಲಗುವ ಜಾಗಕ್ಕೆ ಹತ್ತಿರದ ಕೊನೆಯ ನಲ್ಲಿಯಲ್ಲಿ ತುಂಬಿಸಿ. ಅಡುಗೆ ಇಲ್ಲದಿದ್ದರೆ ರಾತ್ರಿಗೂ ಬೆಳಿಗ್ಗೆಗೂ ಸೇರಿ ನನಗೆ ಎರಡು ಲೀಟರ್ ಸಾಕು, ಸೆಕೆಯಲ್ಲಿ ಮೂರು.

ಬಟ್ಟೆ ಎರಡೇ ಜೊತೆ. ಮೈ ಮೇಲಿನದ್ದು ಒಂದು, ಮಲಗಲು ಒಣ ಬನಿಯನ್, ಪ್ಯಾಂಟ್, ಕಾಲುಚೀಲ ಇನ್ನೊಂದು. ತಲುಪಿದ ತಕ್ಷಣ, ಮೈ ತಣ್ಣಗಾಗುವ ಮೊದಲೇ ಬೆವರಿನ ಬಟ್ಟೆ ಬದಲಿಸಿ. ಬೆಳಿಗ್ಗೆ ಮತ್ತೆ ಅದನ್ನೇ ಹಾಕಿಕೊಳ್ಳಿ. ಮೊದಲ ಹತ್ತು ನಿಮಿಷ ಹಿತವಾಗಿರುವುದಿಲ್ಲ, ಆಮೇಲೆ ಗೊತ್ತೇ ಆಗುವುದಿಲ್ಲ. ಮಳೆ ಜಾಕೆಟ್ ಗಾಳಿಗೂ ಆಗುತ್ತದೆ.

ರಿಪೇರಿ ಸಾಮಾನಿನಲ್ಲಿ ನಾನು ಒಂದು ಗ್ರಾಮೂ ಕಡಿಮೆ ಮಾಡಿಲ್ಲ. ಒಂದು ಟ್ಯೂಬ್, ಪಂಕ್ಚರ್ ಪ್ಯಾಚ್, ಟೈರ್ ಲಿವರ್, ಪಂಪ್, ಚೈನ್ ಕತ್ತರಿಸುವ ಟೂಲ್ ಇರುವ ಅಲೆನ್ ಕೀ ಸೆಟ್, ತುಂಡಾದ ಚೈನ್ ಜೋಡಿಸಲು ಒಂದು ಕ್ವಿಕ್ ಲಿಂಕ್, ಪಂಪಿಗೇ ಸುತ್ತಿದ ಸ್ವಲ್ಪ ಟೇಪ್. ತಲೆಗೆ ಕಟ್ಟುವ ಟಾರ್ಚ್, ಸೈಕಲ್‌ನ ಎರಡೂ ಲೈಟ್, ಚಿಕ್ಕ ಪ್ರಥಮ ಚಿಕಿತ್ಸೆ ಪೊಟ್ಟಣ. ಪವರ್ ಬ್ಯಾಂಕ್ 5000 ಎಂಎಎಚ್‌ನದ್ದು ಸಾಕು. ಶೌಚಕ್ಕೆ ಗುಂಡಿ ತೋಡಲು ಸಣ್ಣ ಕರಣೆಯೊಂದಿರಲಿ: 15ರಿಂದ 20 ಸೆಂ.ಮೀ. ಆಳ, ನೀರಿನಿಂದ ಕನಿಷ್ಠ 60 ಮೀಟರ್ ದೂರ.

ಬ್ಯಾಗ್ ಹೊಸದು ಬೇಡ. ನಿಮ್ಮ ದೊಡ್ಡ ಬ್ಯಾಗ್‌ಗಳನ್ನೇ ಮನೆಯಲ್ಲಿ ಬಿಡಿ. ಜಾಗ ಖಾಲಿ ಇದ್ದರೆ ಕೈ ತಾನಾಗಿ ಏನಾದರೂ ತುಂಬುತ್ತದೆ. ನಾನು ಒಂದು ನೀರು ಹೋಗದ ಉದ್ದನೆ ಚೀಲವನ್ನು ಕ್ಯಾರಿಯರ್ ಮೇಲೆ ಅಡ್ಡ ಇಟ್ಟು ಎರಡು ಬೆಲ್ಟ್‌ನಿಂದ ಬಿಗಿಯುತ್ತೇನೆ. ಹ್ಯಾಂಡಲ್ ಮುಂದೆ ಮ್ಯಾಟ್, ಅದು ಹಗುರ. ನೀರು, ಟೂಲ್, ಊಟದಂಥ ಭಾರದ್ದೆಲ್ಲ ಫ್ರೇಮಿನ ನಡುವೆ, ಆದಷ್ಟು ಕೆಳಗೆ. ಟೆಂಟ್ ಕಂಬಿಗಳನ್ನು ಬೇರೆ ಮಾಡಿ ಫ್ರೇಮಿಗೆ ಉದ್ದಕ್ಕೆ ಕಟ್ಟಿದರೆ ಉಳಿದ ಟೆಂಟ್ ಬಟ್ಟೆ ಎಲ್ಲಿ ಬೇಕಾದರೂ ತುರುಕಬಹುದು. ಬೆನ್ನಿಗೆ ಮಾತ್ರ ಭಾರ ಹಾಕಿಕೊಳ್ಳಬೇಡಿ, ಸೊಂಟ ಮತ್ತು ಅಂಗೈ ಎರಡೂ ನೋಯುತ್ತವೆ. ಬೆಲ್ಟ್‌ನ ಬಾಲ ಚಕ್ರಕ್ಕೆ ಸಿಗದಂತೆ ಸಿಕ್ಕಿಸಿ. ಹಿಂದಿನ ದಿನವೇ ಎಲ್ಲ ಕಟ್ಟಿ ಮನೆ ಸುತ್ತ ಹತ್ತು ನಿಮಿಷ ಓಡಿಸಿ ನೋಡಿ. ಸಡಿಲ ಇದ್ದದ್ದು, ಟೈರಿಗೆ ಉಜ್ಜುವುದು ಆಗಲೇ ಗೊತ್ತಾಗುತ್ತದೆ.

ಪ್ರತಿ ಟ್ರಿಪ್‌ನಿಂದ ಬಂದ ಮೇಲೆ ಬಳಸದೇ ಉಳಿದದ್ದನ್ನು ನೆಲದ ಮೇಲೆ ಹರವುತ್ತೇನೆ. ಟೂಲ್, ಔಷಧಿ, ಮಳೆ ಜಾಕೆಟ್ ಬಿಟ್ಟು ಉಳಿದದ್ದು ಮುಂದಿನ ಸಲ ಬರುವುದಿಲ್ಲ. ಮಡಚುವ ಕುರ್ಚಿ, ಎರಡನೇ ಪಾತ್ರೆ, ಲಾಟೀನು, ದಪ್ಪ ಟವೆಲ್, ಪುಸ್ತಕ ಎಲ್ಲ ಹೀಗೇ ಒಂದೊಂದಾಗಿ ಹೋದವು. 300 ಗ್ರಾಂನ ಬೈನಾಕ್ಯುಲರ್ ಉಳಿಯಿತು. ಬೆಳಕು ಹರಿಯುವಾಗ ಹಕ್ಕಿ ನೋಡಲೆಂದೇ ನಾನು ಹೋಗುವುದು, ಅದನ್ನು ಬಿಡುವ ಯೋಚನೆಯೇ ಬಂದಿಲ್ಲ. ನಿಮಗೂ ಅಂಥದ್ದೊಂದು ಇದ್ದರೆ ಸಂಕೋಚ ಬೇಡ, ತೆಗೆದುಕೊಂಡು ಹೋಗಿ.

ಸದ್ಯಕ್ಕೆ ಅಡುಗೆ ಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದುಕೊಳ್ಳಿ. ಆ ಪಟ್ಟಿಯನ್ನೂ, ನೀವು ಮಲಗುವ ಕಡೆ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ ಅನ್ನುವುದನ್ನೂ ಇಲ್ಲೇ ಕೆಳಗೆ ಹಾಕಿದರೆ, ಯಾವುದನ್ನು ಬಿಡಬಹುದು ಅಂತ ಕೂತು ನೋಡಿ ಹೇಳುತ್ತೇನೆ.