ಬಯಾಲಜಿ ಓದಿದ್ದು ವ್ಯರ್ಥವಾಗಲ್ಲ

ನಿಮ್ಮ ತಂಗಿ ಬಯಾಲಜಿ ಮುಗಿಸಿ ಅಮೆರಿಕದಲ್ಲಿ ಲಾ ಓದುತ್ತಿದ್ದಾರೆ, ಔಷಧ ಕಂಪನಿಗಳ ಪರ ವಾದಿಸೋಕೆ ಆ ಓದು ಉಪಯೋಗಕ್ಕೆ ಬರುತ್ತಾ ಅಂತ ಕೇಳಿದ್ದೀರಿ ಅಲ್ವಾ? ಖಂಡಿತ ಬರುತ್ತದೆ. ಈ ಕೇಸುಗಳಲ್ಲಿ ಅರ್ಧ ಜಗಳ ವಿಜ್ಞಾನದ್ದೇ.

1993ರ ಡಾಬರ್ಟ್ ತೀರ್ಪು ಓದಲು ಹೇಳಿ. ಬಸುರಿಯರ ವಾಂತಿಗೆ ಕೊಡುತ್ತಿದ್ದ ಬೆಂಡೆಕ್ಟಿನ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದರು ಅನ್ನುವುದು ಆ ಕೇಸು. ತಜ್ಞರು ಹೇಳಿದ್ದನ್ನೆಲ್ಲ ಸುಮ್ನೆ ಜ್ಯೂರಿ (ಕೇಸು ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ) ಮುಂದೆ ಬಿಡುವ ಹಾಗಿಲ್ಲ, ಅವರು ಲೆಕ್ಕ ಹಾಕಿದ ದಾರಿ ಗಟ್ಟಿಯಾಗಿದೆಯಾ ಅಂತ ಜಡ್ಜ್ ಮೊದಲು ನೋಡಬೇಕು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್. ಹಾಗಾಗಿ ಜೂನಿಯರ್ ವಕೀಲರು ವಾದ ಮಾಡುವುದಕ್ಕಿಂತ ಜಾಸ್ತಿ ಹೊತ್ತು ಹಳೇ ಇಮೇಲ್, ಔಷಧ ಪ್ರಯೋಗದ ವರದಿ, ರೋಗಿಯ ಫೈಲುಗಳನ್ನು ಸಾಲು ಸಾಲಾಗಿ ಓದುತ್ತಾರೆ.

ಆದರೆ ಡಿಪೊಸಿಷನ್‌ನಲ್ಲಿ, ಅಂದ್ರೆ ವಿಚಾರಣೆಗೆ ಮೊದಲು ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಹೇಳಿಕೆ ಪಡೆಯುವಾಗ, ಮಗು ಕಳೆದುಕೊಂಡ ತಾಯಿಯ ಎದುರು ಕೂತು ಪ್ರಶ್ನೆ ಕೇಳುವುದೂ ಇದೇ ಕೆಲಸ. ಅದು ತಮ್ಮಿಂದ ಆಗುತ್ತಾ ಅಂತ ಈಗಲೇ ಯೋಚಿಸಲಿ.