ಏಳು ವರ್ಷಕ್ಕೆ ಕಾರ್ಡ್ ಸಿಗುತ್ತದೆ, ಪಾಸ್‌ಪೋರ್ಟ್ ಅಲ್ಲ

"ಹಾಂಗ್‌ಕಾಂಗ್‌ನಲ್ಲಿ ಏಳು ವರ್ಷ ಇದ್ದರೆ ಅಲ್ಲಿನ ಪ್ರಜೆ ಆಗ್ತೀವಂತೆ, ನಿಜವಾ? 97ರಲ್ಲಿ ಇಂಡಿಯಾದವರಿಗೆ ಏನು ಮಾಡಿದರು?" ಎಂದು ಕೇಳಿದ್ದೀರಿ. ನಾನು ಇಲ್ಲಿಗೆ ಬಂದಿದ್ದು 1993ರಲ್ಲಿ, ಹಾಗಾಗಿ ಎರಡನೆಯದರಿಂದಲೇ ಶುರು ಮಾಡುತ್ತೇನೆ.

ನಾನು ಕೆಲಸಕ್ಕಿದ್ದ ಚಿಮ್ ಶಾ ಚುಯಿಯ ಅಂಗಡಿಯ ಸೇಟು ಸಿಂಧಿಯವರು. ಹುಟ್ಟಿದ್ದು ಇಲ್ಲೇ, ಇಲ್ಲಿನ ಕ್ಯಾಂಟೊನೀಸ್ ಭಾಷೆ ನೀರು ಕುಡಿದಷ್ಟು ಸಲೀಸು. ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು, ಆದರೆ ಅದು ವಸಾಹತಿನವರಿಗೆ ಕೊಡುತ್ತಿದ್ದದ್ದು. ಅದನ್ನು ಹಿಡಿದು ಲಂಡನ್ನಿಗೆ ಹೋಗಿ ನೆಲೆಸುವ ಹಾಗಿರಲಿಲ್ಲ. 1997ರ ಜುಲೈ 1ಕ್ಕೆ ಬ್ರಿಟನ್ ಹಾಂಗ್‌ಕಾಂಗನ್ನು ಚೀನಾಕ್ಕೆ ಬಿಟ್ಟುಕೊಡುವುದಿತ್ತು, ಅವತ್ತಿಗೆ ಆ ಪೌರತ್ವವೇ ಮುಗಿಯುವುದಿತ್ತು. ಬದಲಿಗೆ ಬಿಎನ್‌ಓ, ಅಂದರೆ 'ಬ್ರಿಟಿಷ್ ನ್ಯಾಷನಲ್ (ಓವರ್‌ಸೀಸ್)' ಅನ್ನುವ ಪಾಸ್‌ಪೋರ್ಟ್ ತೆಗೆದುಕೊಳ್ಳಬಹುದಿತ್ತು, ಅದರಲ್ಲೂ ಬ್ರಿಟನ್ನಿನಲ್ಲಿ ವಾಸದ ಹಕ್ಕಿಲ್ಲ. ಚೀನೀ ಮೂಲದವರನ್ನು ಚೀನಾ ತನ್ನ ಪ್ರಜೆಗಳೆಂದೇ ಲೆಕ್ಕ ಹಾಕಿತು. ಸೇಟು ಚೀನೀಯರಲ್ಲ. ಇಂಡಿಯಾದ ಪೌರತ್ವವೂ ಇಲ್ಲ. ಇರುವುದಕ್ಕೆ ಊರಿದೆ, ದೇಶ ಇಲ್ಲ!

ಕೊನೆಗೆ ಬ್ರಿಟನ್ ಒಪ್ಪಿತು, ಅದೂ ಕೊನೇ ಗಳಿಗೆಯಲ್ಲಿ. 1997ರ ಫೆಬ್ರುವರಿ 4ಕ್ಕೆ ಮುಂಚೆ ಹಾಂಗ್‌ಕಾಂಗ್‌ನಲ್ಲೇ ವಾಸವಿದ್ದು, ಬೇರೆ ಯಾವ ದೇಶದ ಪೌರತ್ವವೂ ಇಲ್ಲದವರು ಅರ್ಜಿ ಹಾಕಿ ಪೂರ್ತಿ ಬ್ರಿಟಿಷ್ ಪ್ರಜೆಗಳಾಗಬಹುದು ಎಂದು ಕಾನೂನು ಮಾಡಿತು. ಇದ್ದದ್ದನ್ನು ಇದೆ ಅಂತ ತೋರಿಸುವುದು ಸುಲಭ. ಇಲ್ಲದ್ದನ್ನು ಇಲ್ಲ ಅಂತ ತೋರಿಸೋದು ಹೇಗೆ? ಸೇಟು ಅಂಗಡಿಯ ಹಳೇ ರಸೀದಿ, ಮಕ್ಕಳ ಸ್ಕೂಲಿನ ಪತ್ರ ಎಲ್ಲ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದರು, ಜೆರಾಕ್ಸ್ ಹೊತ್ತು ಓಡಾಡಿದ್ದು ನಾನು. ಅವರಿಗೆ ಸಿಕ್ಕಿತು. ಆದರೂ ಇವತ್ತಿಗೂ ಅವರು ಇರೋದು ಇಲ್ಲೇ.

ನನ್ನ ಕಥೆ ಸಪ್ಪೆ. ಇಂಡಿಯಾ ಪಾಸ್‌ಪೋರ್ಟ್ ಇತ್ತು, ಜೂನ್ 30ರ ರಾತ್ರಿ ಮಳೆಯಲ್ಲಿ ಬ್ರಿಟಿಷ್ ಬಾವುಟ ಇಳಿದರೂ ಬೆಳಿಗ್ಗೆ ನನಗೆ ಏನೂ ಬದಲಾಗಿರಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ಏಳು ವರ್ಷ ಬಿಡದೆ ವಾಸವಿದ್ದರೆ ಸಿಗುವುದು ಪರ್ಮನೆಂಟ್ ಐಡಿ ಕಾರ್ಡ್. ವೀಸಾ ಕಾಟ ತಪ್ಪುತ್ತದೆ, ಕೆಲಸ ಬಿಟ್ಟರೂ ಇರಬಹುದು, ವೋಟು ಕೂಡ ಹಾಕಬಹುದು. ಹಾಂಗ್‌ಕಾಂಗ್ ಪಾಸ್‌ಪೋರ್ಟ್ ಬೇಕೆಂದರೆ ಮಾತ್ರ ಚೀನಾದ ಪ್ರಜೆ ಆಗಬೇಕು. ಅದಕ್ಕೂ ಅರ್ಜಿ ಹಾಕಬಹುದು, ಆದರೆ ಇಂಡಿಯಾದ ಪೌರತ್ವ ಹೋಗುತ್ತದೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ ಅಲ್ವಾ. ನಾನಂತೂ ಹಾಕಲಿಲ್ಲ. ಬೆಂಗಳೂರಲ್ಲಿ ಇಳಿದು ನನ್ನೂರಿಗೇ ವೀಸಾ ತೋರಿಸುವುದು ಮನಸ್ಸಿಗೆ ಒಗ್ಗಲಿಲ್ಲ, ಅಷ್ಟೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಚೀನೀಯರಲ್ಲದ ನಮ್ಮಂಥವರು ಒಂದೇ ಸಮನೆ 36 ತಿಂಗಳು ಹಾಂಗ್‌ಕಾಂಗ್‌ಗೆ ಕಾಲಿಡದಿದ್ದರೆ ಕಾಯಂ ನಿವಾಸಿಯ ಹಕ್ಕು ಹೋಗುತ್ತದೆ. ಆಮೇಲೂ ಬಂದು ಇರಬಹುದು, ಕೆಲಸ ಮಾಡಬಹುದು, ವೋಟು ಮಾತ್ರ ಇಲ್ಲ. ಊರಿಗೆ ವಾಪಸ್ ಹೋದ ಮೇಲೂ ಕಾರ್ಡ್ ಉಳಿಸಿಕೊಳ್ಳಬೇಕೆಂದಿದ್ದರೆ ಟಿಕೆಟ್ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಿ.